ಕಾರವಾರದ ಸೆಕೆಯಲ್ಲಿ ಒಂದು ಕುಸ್ತಿ ಶಿಬಿರ

ಏಪ್ರಿಲ್ ಎರಡನೆಯ ವಾರದಲ್ಲಿ ಶಾಲೆಗಳಿಗೆ ರಜೆ ಬಿದ್ದಿತೆಂದರೆ ಕಾರವಾರದ ಅಂಗಡಿಗಳ ಷಟರುಗಳ ಮೇಲೆ, ವಿದ್ಯುತ್ ಕಂಬಗಳ ಮೇಲೆ ಬೇಸಿಗೆ ಶಿಬಿರಗಳ ಕರಪತ್ರಗಳು ಒಂದರ ಮೇಲೊಂದು ಅಂಟಿಕೊಳ್ಳುತ್ತವೆ. ಚಿತ್ರಕಲೆ, ಸ್ಕೇಟಿಂಗ್, ಕರಾಟೆ, ಅಬ್ಯಾಕಸ್, ಈಜು ಎಂದು ಸಾಲುಗಟ್ಟಿರುವ ಈ ಶಿಬಿರಗಳಲ್ಲಿ ಎರಡು ಸಾವಿರ ರೂಪಾಯಿಗಿಂತ ಕಡಿಮೆ ಶುಲ್ಕದ್ದು ಈಗ ಅಪರೂಪ. 2025ರ ಬೇಸಿಗೆಯಲ್ಲಿ, ಆರನೆಯ ತರಗತಿ ಮುಗಿಸಿ ಏಳಕ್ಕೆ ಹೋಗಲಿದ್ದ ನನ್ನ ಮಗ ಇವುಗಳ ನಡುವಿನಿಂದ ಜೆರಾಕ್ಸ್ ಮಾಡಿಸಿದ್ದ ಒಂದು ಚೀಟಿಯನ್ನು ಕಿತ್ತುಕೊಂಡೇ ಮನೆಗೆ ಬಂದ. ಹತ್ತರಿಂದ ಹದಿನಾರು ವರ್ಷದ ಮಕ್ಕಳಿಗೆ ಒಂದು ತಿಂಗಳ ಕುಸ್ತಿ ತರಬೇತಿ, ಬೆಳಿಗ್ಗೆ 6ರಿಂದ 8, ಶುಲ್ಕ 700 ರೂಪಾಯಿ, ಕೊಡಲಾಗದವರು ಬಂದು ಮಾತನಾಡಬಹುದು ಎಂದು ಅದರಲ್ಲಿ ಬರೆದಿತ್ತು. ಕೊನೆಯ ಸಾಲನ್ನು ಓದಿದಾಗ ನನಗೆ ಗೌರವವೂ ಅನುಮಾನವೂ ಒಟ್ಟಿಗೇ ಹುಟ್ಟಿದವು. ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆದು ಜೀವನ ಸಾಗಿಸುವ ನನಗೆ, ಇಷ್ಟು ಕಡಿಮೆ ಹಣದಲ್ಲಿ ಒಂದು ತಿಂಗಳು ಶಿಬಿರ ನಡೆಯುತ್ತದೆ ಎಂದರೆ ಉಳಿದ ಖರ್ಚನ್ನು ಯಾರೋ ಎಲ್ಲೋ ಹೊರುತ್ತಿರಬೇಕು, ಇಲ್ಲವೇ ಯಾವುದೋ ಅಗತ್ಯದ ವಸ್ತುವಿಗೆ ಕತ್ತರಿ ಬಿದ್ದಿರಬೇಕು ಎಂದೇ ಮೊದಲು ತೋಚುವುದು.

ಮನೆಯಲ್ಲಿ ಯಾರಿಗೂ ಈ ಆಟದ ಗಂಧವಿರಲಿಲ್ಲ. ಕರಾವಳಿಯಲ್ಲಿ ಸಂಜೆಯಾದರೆ ವಾಲಿಬಾಲ್, ಕಬಡ್ಡಿ, ಕ್ರಿಕೆಟ್ ಕಾಣುತ್ತವೆಯೇ ಹೊರತು ಕುಸ್ತಿ ಕಾಣುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಕುಸ್ತಿ ಎಂದರೆ ಘಟ್ಟದ ಮೇಲಿನ ಹಳಿಯಾಳ. ಕ್ರೀಡಾ ಇಲಾಖೆಯ ಕುಸ್ತಿ ವಸತಿ ನಿಲಯ ಇರುವುದೂ ಅಲ್ಲಿಯೇ, ಆ ಭಾಗದ ಸಿದ್ದಿ ಸಮುದಾಯದ ಹುಡುಗಿಯರು ಪದಕ ಗೆದ್ದು ಬಂದ ಸುದ್ದಿ ಪತ್ರಿಕೆಗಳಲ್ಲಿ ಬರುವುದೂ ಅಲ್ಲಿಂದಲೇ. ಅದು ಮೇಲಿನವರ ಆಟ, ನಮ್ಮ ಮಕ್ಕಳಿಗೆ ಒಗ್ಗುವುದಲ್ಲ ಎಂದು ನನ್ನ ಯಜಮಾನರು ಅಲ್ಲಿಗೇ ಮುಗಿಸಲು ನೋಡಿದರು. ನಮ್ಮತ್ತೆಯವರ ಆಕ್ಷೇಪ ಇನ್ನೂ ಖಚಿತವಾಗಿತ್ತು. ಪೈಲ್ವಾನರ ಕಿವಿ ಮುದುರಿ ಹೋಗಿರುವುದನ್ನು ಅವರು ಜಾತ್ರೆಯೊಂದರಲ್ಲಿ ನೋಡಿದ್ದರಂತೆ, ಮೊಮ್ಮಗ ಹಾಗಾದರೆ ಮುಂದೆ ಹೆಣ್ಣು ಕೊಡುವವರು ಯಾರು ಎಂದು ಕೇಳಿದರು. ಮಗ ಮಾತ್ರ ಹಿಡಿದ ಪಟ್ಟು ಬಿಡಲಿಲ್ಲ. ಚೀಟಿಯಲ್ಲಿದ್ದ ವಿಳಾಸಕ್ಕೆ ಹೋಗಿ ನೋಡಿ ಬರುವುದರಿಂದ ನಷ್ಟವೇನೂ ಇಲ್ಲ ಎಂದುಕೊಂಡು ಒಂದು ಸಂಜೆ ಕಚೇರಿ ಮುಗಿಸಿ ಅಲ್ಲಿಗೆ ಹೋದೆ.

ಜಾಗ ಎಂದರೆ ಒಂದು ಹಳೆಯ ಸಭಾಭವನ. ನಾಲ್ಕೂ ಕಡೆ ದೊಡ್ಡ ಕಿಟಕಿಗಳು, ಮೇಲೆ ಮಂಗಳೂರು ಹಂಚು, ನಡುವೆ ನೀಲಿ ಹೊದಿಕೆಯ ಮ್ಯಾಟ್. ಸ್ಪರ್ಧೆಯ ಮ್ಯಾಟ್ ಹನ್ನೆರಡು ಮೀಟರ್ ಚೌಕವಿದ್ದು ಅದರೊಳಗೆ ಒಂಬತ್ತು ಮೀಟರ್ ವ್ಯಾಸದ ವೃತ್ತವಿರುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ಇಲ್ಲಿದ್ದುದು ಅದಕ್ಕಿಂತ ಬಹಳ ಚಿಕ್ಕದು, ಅಂಚಿನಲ್ಲಿ ಎರಡು ಕಡೆ ಹೊದಿಕೆ ಹರಿದು ಟೇಪು ಸುತ್ತಿಸಿಕೊಂಡಿತ್ತು. ಹಳೆಯ ಕುಸ್ತಿಪಟುಗಳು ಕೆಲವರು ಸೇರಿ ವರ್ಷಗಳ ಹಿಂದೆ ಬೇರೆಯವರು ಬಳಸಿದ್ದನ್ನೇ ಕೊಂಡು ತಂದಿದ್ದರಂತೆ. ತರಬೇತುದಾರರು ಹಳಿಯಾಳದ ಕಡೆಯವರು, ಐವತ್ತರ ಆಸುಪಾಸಿನವರು. ಅತ್ತೆಯವರು ಹೇಳಿದ್ದಂಥದೇ ಕಿವಿ. ಎಡಗಿವಿಯ ತೂತು ಎಷ್ಟು ಮುಚ್ಚಿಹೋಗಿತ್ತೆಂದರೆ ಫೋನು ಬಂದಾಗ ಅವರು ಅದನ್ನು ಎಡಗೈಯಲ್ಲೇ ಹಿಡಿದು ಬಲಗಿವಿಗೆ ಒಯ್ಯುತ್ತಿದ್ದರು. ನಾನು ಅದನ್ನೇ ನೋಡುತ್ತಿರುವುದು ತಿಳಿದು ಅವರೇ ವಿವರಿಸಿದರು. ಕಿವಿ ಮತ್ತೆ ಮತ್ತೆ ಉಜ್ಜಿ, ಜಜ್ಜಿಕೊಂಡಾಗ ಮೃದ್ವಸ್ಥಿಗೂ ಚರ್ಮಕ್ಕೂ ನಡುವೆ ರಕ್ತ ತುಂಬಿಕೊಳ್ಳುತ್ತದೆ, ಆಗಲೇ ವೈದ್ಯರಲ್ಲಿಗೆ ಹೋಗಿ ಅದನ್ನು ತೆಗೆಸಿಬಿಟ್ಟರೆ ಸರಿಹೋಗುತ್ತದೆ, ಬಿಟ್ಟರೆ ಗಟ್ಟಿಯಾಗಿ ಹೀಗೆ ಮುದುರುತ್ತದೆ, ತಮ್ಮ ಕಾಲದಲ್ಲಿ ಅದನ್ನೇ ಹೆಮ್ಮೆ ಎಂದುಕೊಂಡಿದ್ದೆವು ಎಂದರು. ಒಂದು ತಿಂಗಳ ಕಲಿಕೆಯಲ್ಲಿ ಅದು ಆಗುವ ಮಾತಲ್ಲ ಎಂಬ ಭರವಸೆಯನ್ನೂ ಕೊಟ್ಟರು.

ಕೇಳಬೇಕೆಂದುಕೊಂಡಿದ್ದ ಬೇರೆ ಪ್ರಶ್ನೆಗಳೂ ಇದ್ದವು. 2023ರ ಜನವರಿಯಲ್ಲಿ ದೇಶದ ಹೆಸರಾಂತ ಕುಸ್ತಿಪಟುಗಳೇ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತ ಮೇಲೆ, ಗಂಡು ಮಗುವಾಗಲಿ ಹೆಣ್ಣು ಮಗುವಾಗಲಿ, ಯಾರ ಕೈಗೆ ಒಪ್ಪಿಸುತ್ತಿದ್ದೇವೆ ಎಂದು ಕೇಳುವುದಕ್ಕೆ ತಂದೆತಾಯಿಯರು ಸಂಕೋಚ ಪಡಬೇಕಾಗಿಲ್ಲ ಎಂಬುದು ನನ್ನ ನಿಲುವು. ತರಬೇತಿಯ ಹೊತ್ತಿನಲ್ಲಿ ನಾವು ಒಳಗೆ ಕೂರಬಹುದೇ, ಹುಡುಗಿಯರಿಗೆ ಹೇಳಿಕೊಡುವವರು ಯಾರು, ಬಟ್ಟೆ ಬದಲಿಸುವುದು ಎಲ್ಲಿ ಎಂದೆಲ್ಲ ಕೇಳಿದೆ. ಅವರು ಬೇಸರಿಸಲಿಲ್ಲ. ಬಾಗಿಲು, ಕಿಟಕಿ ಎರಡೂ ತೆರೆದೇ ಇರುತ್ತವೆ, ಗೋಡೆಯ ಪಕ್ಕದ ಬೆಂಚುಗಳು ಪೋಷಕರಿಗೆಂದೇ ಇವೆ, ಹಿಂದೆ ರಾಜ್ಯಮಟ್ಟದಲ್ಲಿ ಆಡಿದ್ದ ಒಬ್ಬ ಯುವತಿ ಸಹಾಯಕ್ಕೆ ಇರುತ್ತಾರೆ, ಮಕ್ಕಳು ಮನೆಯಿಂದಲೇ ಆಟದ ಬಟ್ಟೆ ತೊಟ್ಟು ಬರಬೇಕು ಎಂದರು. ಆಮೇಲೆ ನಾನು ಕೇಳದೆಯೇ ಹೇಳಿದ ಒಂದು ಮಾತು ನನ್ನನ್ನು ಒಪ್ಪಿಸಿತು. "ಅಕ್ಕಾರ, ಮೊದ್ಲ ಹುಡುಗ್ರು ಬೀಳೂದು ಕಲೀಬೇಕ್ರಿ, ಕೆಡವೂದು ಆಮ್ಯಾಲೆ. ಹತ್ತು ದಿನ ನಿಮ್ಮ ಹುಡುಗ ಯಾರನ್ನೂ ಮುಟ್ಟಂಗಿಲ್ಲ. ಬ್ಯಾಸರ ಮಾಡ್ಕೊಂಡು ಬಿಟ್ಟು ಹೋಗ್ತೀನಿ ಅಂದ್ರ ಶುಲ್ಕ ವಾಪಸ್ ಕೊಡ್ತೀನಿ."

ನೋಂದಣಿಗೆ ಆಧಾರ್ ಪ್ರತಿ, ಎರಡು ಭಾವಚಿತ್ರ, ಪೋಷಕರ ಒಪ್ಪಿಗೆ ಪತ್ರ, ವೈದ್ಯರಿಂದ ದೃಢಕಾಯ ಪ್ರಮಾಣಪತ್ರ ಬೇಕಾಗಿದ್ದವು. ಒಪ್ಪಿಗೆ ಪತ್ರದಲ್ಲಿ ದಮ್ಮು, ಫಿಟ್ಸ್, ಹಿಂದೆ ಮೂಳೆ ಮುರಿದದ್ದು, ಹೃದಯದ ತೊಂದರೆ ಇವುಗಳಿಗೆ ಬೇರೆ ಬೇರೆ ಸಾಲುಗಳಿದ್ದವು. ಸಲಕರಣೆಯ ವಿಷಯದಲ್ಲಿ ಅವರು ಕೊಟ್ಟ ಸೂಚನೆ ನನ್ನ ಕೈಚೀಲಕ್ಕೆ ಹಿತವಾಗಿತ್ತು. ಕುಸ್ತಿಯ ಬೂಟು ಕೊಳ್ಳಬೇಡಿ, ಬೆಳೆಯುವ ಕಾಲಿಗೆ ಆರು ತಿಂಗಳಲ್ಲಿ ಚಿಕ್ಕದಾಗುತ್ತದೆ, ಬರಿಗಾಲಲ್ಲಿ ಕಲಿಯಲಿ, ಗುಂಡಿಯಾಗಲಿ ಜಿಪ್ಪಾಗಲಿ ಜೇಬಾಗಲಿ ಇಲ್ಲದ ಮೈಗಂಟುವ ಟೀ ಶರ್ಟು ಮತ್ತು ಚಡ್ಡಿ ಎರಡು ಜೊತೆ, ಸ್ವಂತದ ಟವೆಲ್, ನೀರಿನ ಬಾಟಲಿ ಇಷ್ಟು ಸಾಕು ಎಂದರು. ಮೊದಲ ದಿನ ಪ್ರತಿಯೊಂದು ಮಗುವಿನ ತೂಕ ನೋಡಿ ಬರೆದುಕೊಂಡರು, ಉಗುರು ಪರೀಕ್ಷಿಸಿದರು, ಕತ್ತು, ತೋಳು, ಮೊಣಕಾಲಿನ ಹಿಂಭಾಗಗಳಲ್ಲಿ ಚರ್ಮ ನೋಡಿದರು. ನನ್ನ ಮಗ 37 ಕಿಲೋ ತೂಗಿದ.

ಬೀಳುವುದನ್ನು ಕಲಿಸುವುದು ಎಂದರೆ ಏನು ಎಂಬುದು ಬೆಂಚಿನ ಮೇಲೆ ಕುಳಿತು ನೋಡಿದಾಗಲೇ ಅರ್ಥವಾಯಿತು. ಮೊದಲು ಕುಕ್ಕರುಗಾಲಿನಲ್ಲಿ ಕುಳಿತು ಹಿಂದಕ್ಕೆ ಉರುಳುವುದು, ಆಮೇಲೆ ಅರ್ಧ ಎದ್ದು ಉರುಳುವುದು, ಆಮೇಲೆ ನಿಂತು. ಪ್ರತಿ ಸಲವೂ ಗದ್ದ ಎದೆಗೆ ಅಂಟಿರಬೇಕು, ತಲೆಯ ಹಿಂಭಾಗ ಮ್ಯಾಟಿಗೆ ತಾಗಕೂಡದು. ಹಿಂದಕ್ಕೆ ಬೀಳುವಾಗ ಯಾವ ಮನುಷ್ಯನಾದರೂ ಕೈಯನ್ನು ಹಿಂದೆ ಊರಲು ನೋಡುತ್ತಾನೆ, ಮಕ್ಕಳ ಮಣಿಕಟ್ಟು, ಮೊಣಕೈ ಮುರಿಯುವುದು ಹೆಚ್ಚಾಗಿ ಹಾಗೆಯೇ. ಈ ಸಹಜ ಚಾಳಿಯನ್ನು ಬಿಡಿಸಿ, ಎರಡೂ ತೋಳುಗಳನ್ನು ಪಕ್ಕಕ್ಕೆ ಚಾಚಿ ಅಂಗೈಯಿಂದ ಮ್ಯಾಟನ್ನು ಬಡಿಯುವ ಅಭ್ಯಾಸ ಹಾಕಿಸಲು ಅವರು ತೆಗೆದುಕೊಂಡ ಸಮಯ ಬೆಂಚಿನ ಮೇಲಿದ್ದ ಕೆಲವು ತಂದೆಯರ ತಾಳ್ಮೆಯನ್ನು ಪರೀಕ್ಷಿಸಿತು. ಮಕ್ಕಳು ಇಡೀ ಬೆಳಗು ಬರೀ ಹೊರಳಾಡುವುದನ್ನು ನೋಡಲು ದುಡ್ಡು ಕೊಟ್ಟೆವೇ ಎಂದು ಒಬ್ಬರು ಗೊಣಗಿದರು. ನನ್ನ ಮಗನಿಗೆ ಗದ್ದ ಮಡಚುವುದು ನೆನಪಿರುತ್ತಿರಲಿಲ್ಲ. ತರಬೇತುದಾರರು ಮಡಚಿದ ಕರವಸ್ತ್ರವೊಂದನ್ನು ಅವನ ಗದ್ದದ ಕೆಳಗಿಟ್ಟು, ಬೀಳುವಾಗ ಅದು ಜಾರಿದರೆ ಹತ್ತು ಬಸ್ಕಿ ಎಂದರು. ಆ ವಾರ ಮನೆಯಲ್ಲಿ ಮಂಚದ ಮೇಲೂ ಗದ್ದದಡಿಗೆ ಕರವಸ್ತ್ರ ಸಿಕ್ಕಿಸಿಕೊಂಡು ಉರುಳುತ್ತಿದ್ದ ಅವನಿಗೆ ಅದು ಎಷ್ಟು ರೂಢಿಯಾಯಿತೆಂದರೆ, ಮಳೆಗಾಲದಲ್ಲಿ ಹಿತ್ತಲಿನ ಪಾಚಿಯ ಮೇಲೆ ಕಾಲು ಜಾರಿದಾಗಲೂ ಅಂಗೈಗಳನ್ನು ಪಕ್ಕಕ್ಕೆ ಬಡಿದೇ ಬಿದ್ದ. ಕತ್ತಿನ ಮೇಲೆ ಭಾರ ಹಾಕಿ ಸೇತುವೆಯಂತೆ ಬಾಗುವ ವ್ಯಾಯಾಮವನ್ನು ಮಾತ್ರ ಅವರು ಹದಿನಾಲ್ಕು ದಾಟದ ಯಾರಿಗೂ ಮಾಡಿಸಲಿಲ್ಲ. ದೊಡ್ಡ ಹುಡುಗರು ಮಾಡುವುದನ್ನು ನೋಡಿ ಚಿಕ್ಕವರು ಮೂಲೆಯಲ್ಲಿ ಕದ್ದು ಮಾಡಿದಾಗ ಅವರಿಗೆ ನಿಜವಾಗಿ ಸಿಟ್ಟು ಬಂದದ್ದನ್ನು ನಾನು ಕಂಡಿದ್ದೇನೆ.

ಏಪ್ರಿಲ್ ಕೊನೆಯ ಹೊತ್ತಿಗೆ ನಮ್ಮೂರಿನ ಸೆಕೆ ಹೇಗಿರುತ್ತದೆ ಎಂದು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಏಳಕ್ಕೇ ಮೈಯ ಬೆವರು ಆರುವುದಿಲ್ಲ, ಆರದ ಬೆವರು ಮೈಯನ್ನು ತಂಪು ಮಾಡುವುದೂ ಇಲ್ಲ. ಹಾಗಾಗಿ ಓಟ ಮತ್ತು ಮೈ ಸಡಿಲಿಸುವ ಕೆಲಸವನ್ನು ಅವರು ಟಾಗೋರ್ ಕಡಲತೀರದ ಒದ್ದೆ ಮರಳಿನಲ್ಲಿ ಬಿಸಿಲೇರುವ ಮುಂಚೆಯೇ ಮುಗಿಸಿ ಮಕ್ಕಳನ್ನು ಭವನಕ್ಕೆ ಕರೆತರುತ್ತಿದ್ದರು. ಸದಾಶಿವಗಡದ ಕಡೆಯಿಂದ ಬರುವ ಮಕ್ಕಳು ಕೆಲವೊಮ್ಮೆ ತಡವಾಗಿ ನೇರವಾಗಿ ಭವನಕ್ಕೇ ಬರುತ್ತಿದ್ದರು. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದ ಮೇಲೆ ಇದ್ದೊಂದು ಸೇತುವೆಯಲ್ಲೇ ಎರಡೂ ದಿಕ್ಕಿನ ವಾಹನಗಳು ಸಾಗಬೇಕಲ್ಲ. ಭವನದೊಳಗೆ ಕಾಲು ಗಂಟೆಗೊಮ್ಮೆ ಸಿಳ್ಳೆ ಊದಿದರೆ ಬಾಯಾರಿರಲಿ ಬಿಡಲಿ ಎಲ್ಲರೂ ನೀರು ಕುಡಿಯಲೇಬೇಕು. ಮುರುಗಲು ಹಣ್ಣಿನ ಕಾಲವಾದ್ದರಿಂದ ಸರದಿಯ ಮೇಲೆ ಒಂದೊಂದು ಮನೆಯವರು ಉಪ್ಪು, ಬೆಲ್ಲ ಹಾಕಿದ ಮುರುಗಲು ಪಾನಕ ತರುವ ಪದ್ಧತಿ ತಾನಾಗಿಯೇ ಶುರುವಾಯಿತು. ತರಬೇತಿ ಮುಗಿದ ಮೇಲೆ ನೆನೆಸಿದ ಕಡಲೆ, ಎರಡು ಬಾಳೆಹಣ್ಣು. ಪ್ರೋಟೀನ್ ಪುಡಿಯ ಡಬ್ಬಿ ಹಿಡಿದು ಸಲಹೆ ಕೇಳಲು ಬಂದ ತಂದೆಯೊಬ್ಬರಿಗೆ, ದಿನಕ್ಕೆರಡು ಮೊಟ್ಟೆ ಕೊಡಿ, ಮನೆಯಲ್ಲಿ ಬಂಗಡೆ, ತಾರ್ಲೆ ಮಾಡುತ್ತೀರಲ್ಲ ಅದನ್ನೇ ಇನ್ನೊಂದು ತುಂಡು ಹೆಚ್ಚಿಗೆ ಬಡಿಸಿ, ಡಬ್ಬಿ ಅಂಗಡಿಗೆ ವಾಪಸ್ ಕೊಡಿ ಎಂದರು. ಮೀನು ತಿನ್ನದ ಮನೆಯ ಮಕ್ಕಳಿಗೆ ಶೇಂಗಾ, ಹಾಲು, ಮೊಳಕೆ ಬಂದ ಹೆಸರುಕಾಳು ಹೇಳಿದರು. ಜೂನ್ 1ರಿಂದ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಬೀಳುವುದಕ್ಕೆ ಮುಂಚಿನ ತಿಂಗಳಾದ್ದರಿಂದ ಮೀನಿಗೆ ಕೊರತೆಯಿರಲಿಲ್ಲ.

ಕಡಲಿನ ಉಪಕಾರ ಇನ್ನೊಂದಿತ್ತು. ಬೈತಖೋಲ ಬಂದರಿನಲ್ಲಿ ಕೆಲಸ ಮಾಡುವ ತಂದೆಯೊಬ್ಬರು ಪ್ರತಿ ಬೆಳಿಗ್ಗೆ ಮೀನಿನ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಪುಡಿ ಮಂಜುಗಡ್ಡೆ ತಂದು ಮೂಲೆಯಲ್ಲಿಡುತ್ತಿದ್ದರು. ಉಳುಕು, ತರಚು, ಮೂಗೇಟು ಏನಾದರೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಆ ಮಂಜನ್ನು ತುಂಬಿ, ಬಟ್ಟೆ ಸುತ್ತಿ ಹಚ್ಚುವುದು. ಪೆಟ್ಟಿಗೆಯನ್ನು ಎಷ್ಟು ತೊಳೆದರೂ ಬಂಗಡೆಯ ವಾಸನೆ ಹೋಗುತ್ತಿರಲಿಲ್ಲವಾದ್ದರಿಂದ, ಮಗನ ಮೊಣಕಾಲಿಗೆ ಪೆಟ್ಟು ಬಿದ್ದಿದೆಯೋ ಇಲ್ಲವೋ ಎಂಬುದು ಅವನು ಮನೆ ಹೊಕ್ಕ ಕೂಡಲೇ ನನಗೆ ಮೂಗಿನಿಂದಲೇ ತಿಳಿಯುತ್ತಿತ್ತು.

ಹತ್ತು ದಿನ ಕಳೆದ ಮೇಲೆ ಜೋಡಿ ಕಟ್ಟಿದರು. ವಯಸ್ಸನ್ನೋ ಎತ್ತರವನ್ನೋ ನೋಡದೆ ತೂಕವನ್ನೇ ನೋಡಿದರು, ಇಬ್ಬರ ನಡುವೆ ಎರಡು ಕಿಲೋಗಿಂತ ಹೆಚ್ಚಿನ ಅಂತರ ಬಾರದಂತೆ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರು. ಹುಡುಗಿಯರು ಐದು ಮಂದಿ ಇದ್ದರು. ಅವರ ಜೋಡಿ ಅವರವರಲ್ಲೇ, ಬೆಸ ಉಳಿದವಳಿಗೆ ಸಹಾಯಕಿಯೇ ಜೋಡಿ. ನಿಲ್ಲುವ ಭಂಗಿ, ಸೊಂಟ ತಗ್ಗಿಸಿ ಒಳನುಗ್ಗುವುದು, ಒಂದು ಕಾಲು ಹಿಡಿಯುವುದು, ಎರಡು ಕಾಲು ಹಿಡಿಯುವುದು, ಹಿಡಿತಕ್ಕೆ ಸಿಕ್ಕಾಗ ಕಾಲುಗಳನ್ನು ಹಿಂದಕ್ಕೆಸೆದು ಎದುರಾಳಿಯ ಬೆನ್ನ ಮೇಲೆ ಭಾರ ಹಾಕುವುದು, ತಿಂಗಳಿಡೀ ಕಲಿಸಿದ್ದು ಮುಖ್ಯವಾಗಿ ಇಷ್ಟೇ. ಧೋಬಿ ಪಛಾಡದಂಥ, ಎತ್ತಿ ಒಗೆಯುವ ಪಟ್ಟುಗಳನ್ನು ದೊಡ್ಡವರಿಂದ ಮಾಡಿಸಿ ತೋರಿಸಿದರೇ ಹೊರತು ಚಿಕ್ಕವರಿಗೆ ಬಿಡಲಿಲ್ಲ. ಒಮ್ಮೆ ಅವರ ಗುರುಗಳು, ಎಪ್ಪತ್ತು ದಾಟಿದ ವಸ್ತಾದರು, ಘಟ್ಟ ಇಳಿದು ಬಂದು ಮ್ಯಾಟಿನ ಅಂಚಿಗೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಕೆಂಪು ಮಣ್ಣಿನ ಕಣದಲ್ಲಿ ಬೆಳೆದ ಅವರಿಗೆ ಈ ರಬ್ಬರಿನ ಹಾಸಿಗೆಯ ಮೇಲೆ ಅಷ್ಟೇನೂ ಒಲವಿದ್ದಂತೆ ಕಾಣಲಿಲ್ಲ. ಆದರೂ ನನ್ನ ಮಗನನ್ನು ಕರೆದು, ಎದುರಾಳಿಯ ಕಣ್ಣು ನೋಡಬೇಡ, ಹೊಕ್ಕಳು ನೋಡು, ಕಣ್ಣು ಸುಳ್ಳು ಹೇಳುತ್ತದೆ, ಸೊಂಟ ಹೇಳುವುದಿಲ್ಲ ಎಂದು ತಿದ್ದಿದರು.

ಮೂರನೆಯ ವಾರದಲ್ಲಿ ತೊಂದರೆ ಬಂತು. ಹುಡುಗನೊಬ್ಬನ ಮುಂಗೈ ಮೇಲೆ ಉಂಗುರದಂಥ ಕೆಂಪು ಗೆರೆ, ಮಾರನೆಯ ದಿನ ಅವನ ಜೋಡಿಯ ಕತ್ತಿನ ಮೇಲೆ, ಆಮೇಲೆ ನನ್ನ ಮಗನ ತೋಳಿನ ಮೇಲೂ. ಗಜಕರ್ಣ. ಮೈಗೆ ಮೈ ಉಜ್ಜುವ ಆಟ, ಆರದ ಬೆವರು, ಒದ್ದೆ ಟವೆಲ್ಲು ಮೂರೂ ಕೂಡಿದಲ್ಲಿ ಈ ಶಿಲೀಂಧ್ರಕ್ಕೆ ಬೇರೇನೂ ಬೇಕಾಗಿಲ್ಲ. ಮೊದಲ ಹುಡುಗನ ಮನೆಯವರು ಔಷಧಿ ಅಂಗಡಿಯೊಂದರಲ್ಲಿ ಚೀಟಿಯಿಲ್ಲದೆ ಕೊಟ್ಟ ಮುಲಾಮನ್ನು ಹಚ್ಚುತ್ತಿದ್ದರಂತೆ. ಎರಡು ದಿನ ತುರಿಕೆ ನಿಂತು ಕೆಂಪು ಮಾಸಿತ್ತು, ಬಳಿಕ ಮೊದಲಿಗಿಂತ ಅಗಲವಾಗಿ ಹಬ್ಬಿತ್ತು. ನಾವು ಚರ್ಮದ ವೈದ್ಯೆಯ ಬಳಿಗೆ ಹೋದಾಗ ಅವರು ಆ ಟ್ಯೂಬನ್ನು ತರಿಸಿ ನೋಡಿ ಕಾರಣ ಹೇಳಿದರು. ಅದರಲ್ಲಿ ಶಿಲೀಂಧ್ರದ ಔಷಧಿಯ ಜೊತೆಗೆ ಸ್ಟೀರಾಯ್ಡ್ ಬೆರೆತಿತ್ತು. ಸ್ಟೀರಾಯ್ಡ್ ಉರಿಯನ್ನು ಅಡಗಿಸುತ್ತದೆ, ಅದರೊಂದಿಗೆ ಚರ್ಮದ ಪ್ರತಿರೋಧವನ್ನೂ ತಗ್ಗಿಸುವುದರಿಂದ ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ಬರೀ ಶಿಲೀಂಧ್ರನಾಶಕ ಮುಲಾಮು ಬರೆದುಕೊಟ್ಟು, ಕಲೆಯ ಅಂಚಿನಾಚೆಗೂ ಎರಡು ಬೆರಳಗಲ ಹಚ್ಚಬೇಕು, ಮಾಯವಾದಂತೆ ಕಂಡ ಮೇಲೂ ವೈದ್ಯರು ಹೇಳಿದಷ್ಟು ವಾರ ಬಿಡಬಾರದು, ಕನಿಷ್ಠ ಮೂರು ದಿನ ಮ್ಯಾಟಿನ ಹತ್ತಿರ ಹೋಗಕೂಡದು, ಒಳಬಟ್ಟೆ ಮತ್ತು ಟವೆಲ್ಲನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೇ ಒಣಗಿಸಬೇಕು ಎಂದು ತಾಕೀತು ಮಾಡಿದರು.

ಮ್ಯಾಟು ವಾರಕ್ಕೊಮ್ಮೆ ಮಾತ್ರ ತೊಳೆಯಲಾಗುತ್ತಿತ್ತು ಎಂಬುದು ಆಗ ಹೊರಬಿತ್ತು. ಶುಲ್ಕ ಕಡಿಮೆಯಿದ್ದದ್ದರ ಬೆಲೆ ಇದೇ ಎಂದು ನನಗೆ ಅನ್ನಿಸಿದ್ದು ಸುಳ್ಳಲ್ಲ. ತರಬೇತುದಾರರ ಮುಂದೆ ನೇರವಾಗಿಯೇ ಹೇಳಿದೆ. ಅವರು ಸಮರ್ಥನೆಗೆ ಇಳಿಯದೆ, ಕೆಲಸದವರನ್ನು ಇಡಲು ಹಣವಿಲ್ಲ, ನಾವಿಬ್ಬರೇ ತೊಳೆಯುವುದು, ದಿನಾ ಸಾಧ್ಯವಾಗುತ್ತಿಲ್ಲ ಎಂದರು. ಅದೇ ಬೆಳಿಗ್ಗೆ ಬೆಂಚಿನ ಮೇಲಿದ್ದವರೆಲ್ಲ ಸೇರಿ ಸರದಿ ಗೊತ್ತು ಮಾಡಿಕೊಂಡೆವು. ಪ್ರತಿದಿನ ತರಬೇತಿಗೆ ಮುಂಚೆ ಒಮ್ಮೆ, ಮುಗಿದ ಮೇಲೊಮ್ಮೆ ಇಬ್ಬಿಬ್ಬರು ಪೋಷಕರು ತೆಳುವಾದ ಬ್ಲೀಚ್ ದ್ರಾವಣದಲ್ಲಿ ಮ್ಯಾಟ್ ಒರೆಸಿ, ಫ್ಯಾನು ಹಾಕಿ ಪೂರ್ತಿ ಒಣಗಿಸಬೇಕು. ಮಕ್ಕಳು ಚಪ್ಪಲಿ ಹಾಕಿಕೊಂಡು ಮ್ಯಾಟಿನ ತುದಿಯವರೆಗೆ ಬಂದು ಅಲ್ಲಿಯೇ ಬಿಟ್ಟು ಹತ್ತಬೇಕು, ಬರಿಗಾಲಲ್ಲಿ ಶೌಚಾಲಯಕ್ಕೆ ಹೋಗಿ ಬಂದು ಮ್ಯಾಟ್ ಹತ್ತುವುದು ನಿಲ್ಲಬೇಕು. ದಿನಾ ಹತ್ತುವ ಮುಂಚೆ ಚರ್ಮದ ಪರೀಕ್ಷೆ. ಬಟ್ಟೆ ಹಿಡಿದು ನೆಲ ಒರೆಸುವ ಕೆಲಸಕ್ಕೆ ಬ್ಯಾಂಕಿನ ಅಧಿಕಾರಿಯೊಬ್ಬರೂ ದೋಣಿಯ ತಂಡೇಲರೊಬ್ಬರೂ ಜೋಡಿಯಾಗಿ ಮಂಡಿಯೂರಿದ್ದನ್ನು ನೋಡಿ ಮಕ್ಕಳು ಮುಸಿಮುಸಿ ನಗುತ್ತಿದ್ದರು. ಆಮೇಲೆ ಹೊಸದಾಗಿ ಯಾರಿಗೂ ಹರಡಲಿಲ್ಲ.

ಲೆಕ್ಕ ಬರೆಯುವವಳು ಎಂದು ತಿಳಿದ ಮೇಲೆ ಖರ್ಚಿನ ಪುಸ್ತಕವನ್ನು ನನಗೇ ಒಪ್ಪಿಸಿದರು. ಮೂವತ್ತೆರಡು ಮಕ್ಕಳಲ್ಲಿ ಐವರಿಗೆ ಶುಲ್ಕವಿಲ್ಲ, ಯಾರು ಆ ಐವರು ಎಂಬುದು ಪುಸ್ತಕದಲ್ಲಿ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಉಳಿದವರಿಂದ ಬಂದದ್ದು 18,900 ರೂಪಾಯಿ. ಸಹಾಯಕಿಯ ಗೌರವಧನ 8,000, ತರಬೇತುದಾರರ ಬಸ್ಸು ಮತ್ತು ಊಟದ ಖರ್ಚು 4,500, ಭವನದ ಕರೆಂಟು ಮತ್ತು ಕಾವಲುಗಾರನಿಗೆ 3,200, ಬಾಳೆಹಣ್ಣು ಮತ್ತು ಕಡಲೆಗೆ 5,600, ಬ್ಯಾಂಡೇಜು, ಬ್ಲೀಚು ಇತ್ಯಾದಿಗೆ 1,400. ಒಟ್ಟು 22,700. ಕೊರತೆ ಬಿದ್ದ 3,800ನ್ನು ಮ್ಯಾಟ್ ತಂದಿದ್ದ ಆ ಹಳೆಯ ಕುಸ್ತಿಪಟುಗಳೇ ತುಂಬಿಕೊಟ್ಟರು. ತರಬೇತುದಾರರು ತಮಗೆಂದು ಬಿಡಿಗಾಸನ್ನೂ ಬರೆದುಕೊಂಡಿರಲಿಲ್ಲ. ಇದನ್ನು ಹೊಗಳಿ ಸುಮ್ಮನಾಗುವುದು ಸುಲಭ. ಒಬ್ಬರ ತಿಂಗಳ ದುಡಿಮೆ ಪುಕ್ಕಟೆಯಾಗಿ ಸಿಗುವುದರ ಮೇಲೆ ನಿಂತ ಅಗ್ಗ ಎಷ್ಟು ವರ್ಷ ನಿಂತೀತು ಎಂಬ ಪ್ರಶ್ನೆ ಮಾತ್ರ ನನ್ನ ವೃತ್ತಿಯವರಿಗೆ ಬಾರದೆ ಇರುವುದಿಲ್ಲ.

ಕೊನೆಯ ಭಾನುವಾರ ಮಕ್ಕಳೊಳಗೇ ಪ್ರದರ್ಶನ ಪಂದ್ಯ ಇಟ್ಟಿದ್ದರು. ಅದರ ಹಿಂದಿನ ದಿನ, ಮಗನನ್ನು ರಾತ್ರಿ ಉಪವಾಸ ಕೆಡವಿ ಕೆಳಗಿನ ತೂಕದ ಗುಂಪಿಗೆ ಇಳಿಸಿದರೆ ಗೆಲ್ಲಬಹುದಲ್ಲವೇ ಎಂದು ತಂದೆಯೊಬ್ಬರು ಗುಟ್ಟಾಗಿ ಕೇಳಿದ್ದು ತರಬೇತುದಾರರ ಬಾಯಿಂದ ಬಹಿರಂಗವಾಯಿತು. ಹೆಸರು ಹೇಳದೆ ಎಲ್ಲರನ್ನೂ ಕೂರಿಸಿ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 50 ಕಿಲೋ ವಿಭಾಗದ ಫೈನಲ್ ಬೆಳಿಗ್ಗೆ ಬರೀ 100 ಗ್ರಾಂ ಹೆಚ್ಚು ತೂಗಿ ಅನರ್ಹರಾದದ್ದು ನೆನಪಿದೆಯೇ ಎಂದು ಕೇಳಿದರು. ರಾತ್ರಿಯಿಡೀ ಬೆವರಿಳಿಸಿದರೂ ಇಳಿಯದ ಆ ನೂರು ಗ್ರಾಂ ದೊಡ್ಡವರ, ವೈದ್ಯರ ತಂಡ ಜೊತೆಗಿರುವವರ ಮಾತು, ಬೆಳೆಯುವ ಮಕ್ಕಳ ಊಟ ನೀರು ಬಿಡಿಸಿ ತೂಕ ಇಳಿಸುವವರ ಮಗುವನ್ನು ನಾನು ಮ್ಯಾಟ್ ಹತ್ತಿಸುವುದಿಲ್ಲ ಎಂದರು. ಭಾನುವಾರ ಎಲ್ಲರಿಗೂ ಇಡ್ಲಿ ತಿನ್ನಿಸಿದ ಮೇಲೆಯೇ ತಕ್ಕಡಿಯ ಮೇಲೆ ನಿಲ್ಲಿಸಿದ್ದು ಅವರ ಚಮತ್ಕಾರ.

ಪಂದ್ಯಗಳು 15 ವರ್ಷದೊಳಗಿನವರ ಕ್ರಮದಂತೆ ಎರಡೆರಡು ನಿಮಿಷದ ಎರಡು ಸುತ್ತು, ನಡುವೆ ಮೂವತ್ತು ಸೆಕೆಂಡು ಬಿಡುವು. ತಿಂಗಳಿಡೀ ಬೆಂಚಿನಲ್ಲಿ ಕುಳಿತದ್ದರಿಂದ ತೀರ್ಪುಗಾರರ ಕೈಪಟ್ಟಿ ನೋಡಿ ಅಂಕ ಎಣಿಸುವಷ್ಟು ನಾನೂ ಕಲಿತಿದ್ದೆ. ಕೆಂಪು ಪಟ್ಟಿಯ ಕೈ ಎತ್ತಿದರೆ ಕೆಂಪು ಉಡುಪಿನವನಿಗೆ, ನೀಲಿ ಎತ್ತಿದರೆ ನೀಲಿಯವನಿಗೆ. ನೆಲಕ್ಕೆ ಕೆಡವಿ ಹಿಡಿತ ಸಾಧಿಸಿದರೆ ಎರಡು, ವೃತ್ತದಿಂದ ಹೊರದಬ್ಬಿದರೆ ಒಂದು, ಎರಡೂ ಭುಜ ಮ್ಯಾಟಿಗೆ ತಾಗಿಸಿ ಚಿತ್ ಮಾಡಿದರೆ ಪಂದ್ಯವೇ ಮುಗಿಯಿತು, ಹತ್ತು ಅಂಕದ ಅಂತರ ಬಂದರೂ ಮುಗಿಯಿತು. ನನ್ನ ಮಗ ಮೊದಲ ಪಂದ್ಯವನ್ನು 3-1ರಿಂದ ಗೆದ್ದ. ಮೂರೂ ಅಂಕ ಎದುರಾಳಿಯನ್ನು ಹೊರದಬ್ಬಿ ಗಳಿಸಿದ್ದು. ನಾವೆಲ್ಲ ಚಪ್ಪಾಳೆ ತಟ್ಟುತ್ತಿರುವಾಗ ತರಬೇತುದಾರರು ಅವನನ್ನು ಪಕ್ಕಕ್ಕೆ ಕರೆದು, ಬಸ್ಸಿನ ಬಾಗಿಲಲ್ಲಿ ಜನ ತಳ್ಳಿದ ಹಾಗೆ ತಳ್ಳಲು ನಾನು ಕಲಿಸಿದ್ದೆನೇ, ಒಂದು ಸಲವಾದರೂ ಕಾಲಿಗೆ ಕೈ ಹಾಕಿದೆಯಾ ಎಂದು ಗದರಿದರು. ಮಗನಿಗೆ ಅಳು ಬರುವಷ್ಟು ಕೋಪ ಬಂತು. ಎರಡನೆಯ ಪಂದ್ಯದಲ್ಲಿ ಹಠಕ್ಕೆ ಬಿದ್ದು ಮತ್ತೆ ಮತ್ತೆ ಕಾಲಿಗೇ ನುಗ್ಗಿದ, ಎದುರಿಗಿದ್ದ ಅಂಕೋಲೆಯ ಹುಡುಗ ಪ್ರತಿ ಸಲವೂ ಕಾಲು ಹಿಂದಕ್ಕೆಸೆದು ಬೆನ್ನ ಮೇಲೆ ಕುಳಿತ, 10-0 ಆಗಿ ಎರಡನೆಯ ಸುತ್ತಿಗೂ ಹೋಗಲಿಲ್ಲ. ಆಗ ತರಬೇತುದಾರರು ಅವನ ಬೆನ್ನು ತಟ್ಟಿದ್ದು ನನ್ನ ಯಜಮಾನರಿಗೆ ಇವತ್ತಿಗೂ ಅರ್ಥವಾಗಿಲ್ಲ. ಗೆದ್ದವನಿಗೆ ಬೈಗುಳ, ಸೋತವನಿಗೆ ಶಹಭಾಸ್‌ಗಿರಿ, ಇದೆಂಥ ಲೆಕ್ಕ ಎಂದು ಅವರು ನನ್ನನ್ನೇ ಕೇಳುತ್ತಾರೆ.

ಮೇ ಕೊನೆಗೆ ಶಾಲೆ ತೆರೆಯಿತು, ಮಳೆ ಹಿಡಿಯಿತು. ಮ್ಯಾಟಿನ ತುಂಡುಗಳನ್ನು ಬೂಸ್ಟು ಹಿಡಿಯದಂತೆ ಮರದ ಹಲಗೆಗಳ ಮೇಲೆ ಗೋಡೆಗೊರಗಿಸಿ ನಿಲ್ಲಿಸಲಾಯಿತು, ಭಾನುವಾರದ ಅಭ್ಯಾಸಕ್ಕೆ ಮಾತ್ರ ಅರ್ಧ ಹಾಸುತ್ತಾರೆ. ಹಳಿಯಾಳದ ವಸತಿ ನಿಲಯದ ಆಯ್ಕೆಗೆ ಮುಂದೆ ಪ್ರಯತ್ನಿಸಬಹುದು ಎಂದು ತರಬೇತುದಾರರು ಸೂಚಿಸಿದ್ದನ್ನು ನಾವು ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇವೆ. ಮಗ ಭಾನುವಾರ ತಪ್ಪಿಸುವುದಿಲ್ಲ, ಅಷ್ಟು ಸಾಕು.

ಈ ಬೇಸಿಗೆಯ ಶಿಬಿರಕ್ಕೆ ಮುನ್ನ ಪೋಷಕರ ಸಭೆ ನಡೆದಾಗ ನಾನು ಪುಸ್ತಕ ತೆಗೆದು ಓದಿದೆ. ಹರಿದ ಹೊದಿಕೆಯನ್ನಾದರೂ ಬದಲಿಸಬೇಕು, ಹೊಸ ಮ್ಯಾಟ್ ಎಂದರೆ ಲಕ್ಷಗಳ ಮಾತು, ತರಬೇತುದಾರರಿಗೆ ಬರೀ ಬಸ್ ಚಾರ್ಜು ಕೊಟ್ಟು ಕಳಿಸುವುದು ಸರಿಯಲ್ಲ ಎಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಶುಲ್ಕವನ್ನು 2,000ಕ್ಕೆ ಏರಿಸೋಣ ಎಂದು ಕೆಲವರು, ಏರಿಸಿದರೆ ಬಂದರಿನ ಕಡೆಯ ಮಕ್ಕಳು ನಿಂತೇ ಹೋಗುತ್ತಾರೆ ಎಂದು ಕೆಲವರು. ಬಹಳ ಚರ್ಚೆಯ ಬಳಿಕ 1,000 ರೂಪಾಯಿಗೆ ಒಪ್ಪಿಗೆಯಾಯಿತು, ಕೊಡಲಾಗದವರು ಬಂದು ಮಾತನಾಡಬಹುದು ಎಂಬ ಸಾಲು ಚೀಟಿಯಲ್ಲಿ ಹಾಗೆಯೇ ಉಳಿಯಿತು, ಮ್ಯಾಟ್ ಒರೆಸುವ ಸರದಿ ಶುಲ್ಕ ಕೊಟ್ಟವರಿಗೂ ಕೊಡದವರಿಗೂ ಒಂದೇ ಎಂದು ನಿರ್ಣಯವಾಯಿತು. ತರಬೇತುದಾರರ ಗೌರವಧನ ಎಷ್ಟು ಎಂಬ ಮಾತು ಬಂದಾಗ ಅವರು ಎದ್ದು ಹೊರಗೆ ಹೋದರು. ಅವರಿಲ್ಲದ ಹೊತ್ತಿನಲ್ಲೇ ಆರು ಸಾವಿರ ಎಂದು ಬರೆದು, ಎಲ್ಲರ ಸಹಿ ಹಾಕಿಸಿಕೊಂಡೆ.